ಎಕ್ಸ್‌ಎಂಎಲ್ ಖಾಲಿ ಜಾಗದ ಕಾಟ: "ಸೋದರತ್ತೆತಿಪಟೂರಿ ನಲ್ಲಿ" ಅಂತ ಬರುತ್ತಿದೆ, ಯಾಕೆ?

ಬೀಸುಕಲ್ಲು
ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ ಎರಡು ನೋಟ್‌ಬುಕ್ ತುಂಬ ಬೀಸುವ ಪದ, ಸೋಬಾನೆ ಪದ ಬರೆದಿಟ್ಟು ಹೋಗಿದ್ದಾರೆ. ಅದನ್ನೆಲ್ಲ ಟೈಪ್ ಮಾಡಿ, ಟ್ಯಾಗ್ ಅನ್ನುವ ಗುರುತುಗಳ ಮಧ್ಯೆ ಬರಹ ಇಡುವ ಎಕ್ಸ್‌ಎಂಎಲ್ ಫೈಲಿನಲ್ಲಿ ಇಟ್ಟಿದ್ದೇನೆ. ಒಟ್ಟು 112 ಹಾಡು. ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಫೈಲನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆ) ಬರೆದು ಮನೆಯವರೆಲ್ಲ ಓದುವ ಹಾಗೆ ವೆಬ್ ಪುಟ ಮಾಡೋಣ ಅಂತ ಹೊರಟೆ. ಪ್ರತಿ ಹಾಡಿನ ಕೆಳಗೆ ಒಂದು ಟಿಪ್ಪಣಿ ಇದೆ. ನಾನು ಟೈಪ್ ಮಾಡಿದ್ದು ಹೀಗೆ:

`<ಟಿಪ್ಪಣಿ>ಇದನ್ನು <ನಂಟು>ಸೋದರತ್ತೆ</ನಂಟು> <ಊರು>ತಿಪಟೂರಿ</ಊರು>ನಲ್ಲಿ ಹಾಡಿದ್ದು.</ಟಿಪ್ಪಣಿ>`

ಪುಟದಲ್ಲಿ ಕಾಣುವುದು ಹೀಗೆ:

ಇದನ್ನು ಸೋದರತ್ತೆತಿಪಟೂರಿ ನಲ್ಲಿ ಹಾಡಿದ್ದು.

ಜಾಗ ಬೇಕಾದ ಕಡೆ ಇಲ್ಲ, ಬೇಡದ ಕಡೆ ಬಂದು ಕೂತಿದೆ! 112 ಟಿಪ್ಪಣಿಯಲ್ಲೂ ಇದೇ ಕತೆ.

ಇನ್ನೊಂದು ತೊಂದರೆ. ಹಾಡುಗಳನ್ನು `<ಹಾಡು>` ಒಳಗೆ ಅಜ್ಜಿ ಬರೆದ ಹಾಗೆಯೇ ಸಾಲು ಸಾಲಾಗಿ ಟೈಪ್ ಮಾಡಿದ್ದೆ. ಪುಟದಲ್ಲಿ ಎಲ್ಲ ಸಾಲುಗಳೂ ಸೇರಿ ಒಂದೇ ಗದ್ಯದ ಮುದ್ದೆ ಆಗಿವೆ. ಎಕ್ಸ್‌ಎಸ್‌ಎಲ್‌ಟಿಯಲ್ಲಿ ಖಾಲಿ ಜಾಗ ಉಳಿಸು ಅಂತ ಹೇಳುವ ಪ್ರಿಸರ್ವ್-ಸ್ಪೇಸ್ ಹಾಕಿದೆ, ಏನೂ ಬದಲಾಗಲಿಲ್ಲ. ಮೂರು ದಿನದಿಂದ ತಲೆ ಕೆಟ್ಟಿದೆ.

ಇಡ್ಲಿವಡೆ_ಬೇರೆಬೇರೆ
ಮಾಹಿತಿ ಬರೆದಿಡಲು ಜೇಸನ್ ಅನ್ನುವ ಸುಲಭದ ರೂಪ ಇದೆಯಲ್ಲ, ಅದನ್ನು ಬಳಸಿ ಸರ್. ಎಕ್ಸ್‌ಎಂಎಲ್ ಯಾರು ಬಳಸುತ್ತಾರೆ ಈಗ?

ಹಳೇ_ಪಾರ್ಸರ್
ಬಂದರು ನೋಡಿ. ಆ ಟಿಪ್ಪಣಿ ವಾಕ್ಯವನ್ನು ಜೇಸನ್‌ನಲ್ಲಿ ಬರೆದು ತೋರಿಸಿ ಸ್ವಾಮಿ. ವಾಕ್ಯದ ಮಧ್ಯೆ ಮಧ್ಯೆ ಗುರುತು ಹಾಕಬೇಕು, ವಾಕ್ಯವೂ ಹಾಗೇ ಓದಿಸಿಕೊಳ್ಳಬೇಕು. ಅಕ್ಷರ, ಟ್ಯಾಗ್ ಎರಡೂ ಬೆರೆತ ಬರಹಕ್ಕೆ ಎಕ್ಸ್‌ಎಂಎಲ್ ಬಿಟ್ಟರೆ ಹಿತವಾದದ್ದು ಇನ್ನೂ ಬಂದಿಲ್ಲ.

ಬೀಸುಕಲ್ಲು ಅವರೇ, ಎರಡು ಪ್ರಶ್ನೆ. (ಅ) ಫೈಲನ್ನು ಯಾವುದರಲ್ಲಾದರೂ "ಚಂದ" ಮಾಡಿಸಿದ್ದೀರಾ? (ಆ) ನಿಮ್ಮ ಎಕ್ಸ್‌ಎಸ್‌ಎಲ್‌ಟಿಯಲ್ಲಿ ಸ್ಟ್ರಿಪ್-ಸ್ಪೇಸ್ (ಖಾಲಿ ಜಾಗ ತೆಗೆ ಅನ್ನುವ ಆದೇಶ) ಎದುರು ನಕ್ಷತ್ರ ಚಿಹ್ನೆ, ಅಂದರೆ "ಎಲ್ಲ ಟ್ಯಾಗಿಗೂ" ಅಂತ, ಇದೆಯಾ?

ಬೀಸುಕಲ್ಲು
ಸರ್ ಅಲ್ಲ, ಮೇಡಂ :) 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಿ ಆದವಳು. ಪೈಥಾನ್ ಪ್ರೋಗ್ರಾಮಿಂಗ್ ಕಲಿತದ್ದು ಆಮೇಲೆ.

(ಅ) ಹೌದು. ಟ್ಯಾಗೆಲ್ಲ ಒಂದೇ ಗೆರೆಯಲ್ಲಿ ಇದ್ದು ಓದಲು ಆಗುತ್ತಿರಲಿಲ್ಲ. ಪೈಥಾನಿನ ಮಿನಿಡಾಮ್ ಲೈಬ್ರರಿಯಲ್ಲಿ ಫೈಲನ್ನು ಗೆರೆ ಗೆರೆಯಾಗಿ ಬಿಡಿಸಿಡುವ ಟುಪ್ರೆಟಿಎಕ್ಸ್‌ಎಂಎಲ್ ಅಂತ ಇದೆಯಲ್ಲ, ಅದನ್ನು ಓಡಿಸಿದೆ. (ಆ) ಹೌದು, ಇದೆ. ಯಾವುದೋ ಪಾಠದಲ್ಲಿ ಮೊದಲ ಸಾಲಿಗೇ ಹಾಕಿದ್ದರು, ನಾನೂ ಹಾಕಿದೆ.

ಹಳೇ_ಪಾರ್ಸರ್
ಕ್ಷಮಿಸಿ ಮೇಡಂ. ಕಳ್ಳರು ಇಬ್ಬರೂ ಸಿಕ್ಕರು. ಒಬ್ಬ ಜಾಗ ತುಂಬಿದ, ಇನ್ನೊಬ್ಬ ಜಾಗ ಕದ್ದ.

ಮೊದಲು ತುಂಬಿದವನು. ಟುಪ್ರೆಟಿಎಕ್ಸ್‌ಎಂಎಲ್ ಪ್ರತಿ ತುಣುಕನ್ನೂ ಹೊಸ ಗೆರೆಗೆ ತಳ್ಳಿ ಮುಂದೆ ಜಾಗ ಬಿಡುತ್ತದೆ. ನಿಮ್ಮ `</ಊರು>` ಮುಗಿದ ಮೇಲೆ "ನಲ್ಲಿ ಹಾಡಿದ್ದು" ಅನ್ನುವುದು ಮುಂದಿನ ಗೆರೆಗೆ ಹೋಯಿತು. ಬ್ರೌಸರಿಗೆ ಗೆರೆ ಮುರಿದರೂ ಒಂದೇ, ಜಾಗ ಬಿಟ್ಟರೂ ಒಂದೇ. ಹಾಗಾಗಿ "ತಿಪಟೂರಿ ನಲ್ಲಿ".

ಇನ್ನು ಕದ್ದವನು. ಸ್ಟ್ರಿಪ್-ಸ್ಪೇಸ್ ತೆಗೆಯುವುದು ಬರೀ ಖಾಲಿ ಜಾಗವೇ ಇರುವ ತುಣುಕನ್ನು ಮಾತ್ರ. `</ನಂಟು>` ಮತ್ತು `<ಊರು>` ಮಧ್ಯೆ ಜಾಗ ಬಿಟ್ಟು ಬೇರೇನೂ ಇಲ್ಲ. ಅದು ಹೋಯಿತು. "ಸೋದರತ್ತೆತಿಪಟೂರಿ" ಹುಟ್ಟಿತು. ಆದರೆ "ನಲ್ಲಿ"ಗೆ ಮೊದಲಿನ ಜಾಗ ಅಕ್ಷರಗಳ ಜೊತೆಗೇ ಒಂದೇ ತುಣುಕಿನಲ್ಲಿದೆ, ಅದನ್ನು ಸ್ಟ್ರಿಪ್-ಸ್ಪೇಸ್ ಮುಟ್ಟುವುದೇ ಇಲ್ಲ. ಅದಕ್ಕೇ ಒಂದು ಕಡೆ ಹೋಯಿತು, ಒಂದು ಕಡೆ ಉಳಿಯಿತು.

ಬೀಸುಕಲ್ಲು
ಅಯ್ಯೋ. ಹಾಗಾದರೆ ಎರಡೂ ನಾನೇ ಮಾಡಿಕೊಂಡದ್ದು!

ಟ್ಯಾಬ್‌ಪ್ರೇಮಿ
ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಎಲ್ಲ ಟೆಕ್ಸ್ಟ್‌ಗೂ ನಾರ್ಮಲೈಸ್-ಸ್ಪೇಸ್ ಹಾಕಿಬಿಡಿ, ಎಲ್ಲ ಶುದ್ಧ.

ಹಳೇ_ಪಾರ್ಸರ್
ಶುದ್ಧ ಅಲ್ಲ, ಬೋಳು. ನಾರ್ಮಲೈಸ್-ಸ್ಪೇಸ್ ಮಧ್ಯದ ಜಾಗವನ್ನು ಒಂದಕ್ಕಿಳಿಸುವುದರ ಜೊತೆಗೆ ಹಿಂದೆ ಮುಂದೆ ಇರುವುದನ್ನೂ ಕತ್ತರಿಸುತ್ತದೆ. "ಇದನ್ನು " ಅನ್ನುವುದರ ಕೊನೆಯ ಜಾಗ ಹೋಗಿ "ಇದನ್ನುಸೋದರತ್ತೆ" ಆಗುತ್ತದೆ. "ತಿಪಟೂರಿ ನಲ್ಲಿ" ಸರಿಹೋದರೂ ಅದರ ಬದಲಿಗೆ ಹೊಸ ತಪ್ಪೊಂದು ಫ್ರೀ.

ಟ್ಯಾಬ್‌ಪ್ರೇಮಿ
ನಾನು ಆಫೀಸಿನಲ್ಲಿ ಇದೇ ಮಾಡೋದು. ಇವತ್ತಿನವರೆಗೆ ತೊಂದರೆ ಆಗಿಲ್ಲ.

ಕೊಲ್ಲಿಯಾಚೆ
ನಿಮ್ಮದು ಇನ್‌ವಾಯ್ಸ್ ಥರದ ಫೈಲ್ ಇರಬೇಕು. ಹೆಸರು, ಮೊತ್ತ, ತಾರೀಖು, ಒಂದೊಂದು ಟ್ಯಾಗಿನಲ್ಲಿ ಒಂದೊಂದು. ಅಲ್ಲಿ ನಾರ್ಮಲೈಸ್-ಸ್ಪೇಸ್ ಸರಿಯೇ. ವಾಕ್ಯದ ಮಧ್ಯೆ ಟ್ಯಾಗ್ ಬಂದರೆ ಆಟ ಬೇರೆ. ಹಿಂದೆ ಮುಂದೆ ಕತ್ತರಿಸದೆ ಜಾಗಗಳನ್ನು ಒಂದಕ್ಕಿಳಿಸಬೇಕು ಅಂದರೆ ಎಕ್ಸ್‌ಎಸ್‌ಎಲ್‌ಟಿ 2.0ರಿಂದ ರಿಪ್ಲೇಸ್ ಇದೆ. ಒಂದಕ್ಕಿಂತ ಹೆಚ್ಚು ಜಾಗ ಕಂಡರೆ ಒಂದು ಜಾಗ ಹಾಕು ಅಂತ ಹೇಳಿದರೆ ಆಯಿತು. ಆದರೆ ಮೇಡಂ ಫೈಲಿಗೆ ಅದೂ ಸಾಲದು. "ತಿಪಟೂರಿ ನಲ್ಲಿ" ಮಧ್ಯದ ಆ ಒಂದು ಜಾಗ ಉಳಿದೇ ಉಳಿಯುತ್ತದೆ.

ಇದು ಕನ್ನಡದವರಿಗೆ ಜಾಸ್ತಿ ಕಾಡುವ ತೊಂದರೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಒಂದು ಪದ, "ಇನ್" ಬೇರೆ ಪದ, ಮಧ್ಯೆ ಹೇಗೂ ಜಾಗ ಇದ್ದೇ ಇರುತ್ತದೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ. ಟ್ಯಾಗ್ ಮುಚ್ಚಿದ ಕೂಡಲೇ ನಲ್ಲಿ, ಗೆ, ನಿಂದ, ಇನ. ಹಾಗಾಗಿ ಫಾರ್ಮ್ಯಾಟ್ ಮಾಡುವ ಸಾಫ್ಟ್‌ವೇರ್ ಟ್ಯಾಗ್ ಪಕ್ಕ ಗೆರೆ ಮುರಿದರೆ ನಮಗೆ ಪ್ರತಿ ಸಲವೂ ಪೆಟ್ಟು.

ಅರ್ಕಾವತ್ತು
ನಾನು ಇದಕ್ಕಿಂತ ಘೋರ ನೋಡಿದ್ದೇನೆ. ಒಬ್ಬರು `<ಊರು>ಮೈಸೂರ</ಊರು>` ಅಂತ ಮುಚ್ಚಿ, ಆಚೆ ಬರೀ ಗುಡಿಸು ಹಾಕಿ "ನಲ್ಲಿ" ಬರೆದಿದ್ದರು. ಮೊದಲೇ ಅದು ತಪ್ಪು. ಅದನ್ನು ಚಂದ ಮಾಡಿಸಿದ ಮೇಲೆ ಗುಡಿಸಿಗೆ ಹತ್ತಲು ಅಕ್ಷರವೇ ಇಲ್ಲ. ಚುಕ್ಕಿಗಳ ವೃತ್ತದ ಮೇಲೆ ಅನಾಥವಾಗಿ ಕೂತಿತ್ತು. ಟ್ಯಾಗ್ ಯಾವಾಗಲೂ ಪೂರ್ತಿ ಅಕ್ಷರದ ಮೇಲೆ ಮುಚ್ಚಬೇಕು. ಮೇಡಂ "ತಿಪಟೂರಿ" ಅಂತ ಮುಚ್ಚಿದ್ದಾರಲ್ಲ, ಅದು ಸರಿ.

ಜಯನಗರದ_ಬಸ್ಸು
ಊರು "ತಿಪಟೂರಿ" ಅಲ್ಲವಲ್ಲ? ತಿಪಟೂರು. ಊರುಗಳ ಪಟ್ಟಿ ತೆಗೆದರೆ "ತಿಪಟೂರಿ" ಅಂತ ಬರುತ್ತದೆ.

ಕೊಲ್ಲಿಯಾಚೆ
ಅದಕ್ಕೆ ಆಟ್ರಿಬ್ಯೂಟ್ ಇಡಬೇಕು. `<ಊರು ಮೂಲ="ತಿಪಟೂರು">ತಿಪಟೂರಿನಲ್ಲಿ</ಊರು>`. ಪ್ರತ್ಯಯವನ್ನೂ ಒಳಗೆ ಸೇರಿಸಿ. ಜಾಗದ ಜಗಳವೂ ಮುಗಿಯಿತು, ಪಟ್ಟಿಯೂ ಸರಿಯಾಯಿತು.

ಹಳೇ_ಪಾರ್ಸರ್
ಇದು ಚೆನ್ನಾಗಿದೆ. ನನಗೇ ಹೊಳೆಯಲಿಲ್ಲ.

ಬೀಸುಕಲ್ಲು
ಮಾಡುತ್ತೇನೆ. ಹಾಡಿನ ಸಾಲುಗಳ ಬಗ್ಗೆ ಯಾರೂ ಹೇಳಲಿಲ್ಲ.

ಟ್ಯಾಬ್‌ಪ್ರೇಮಿ
ಪ್ರಿಸರ್ವ್-ಸ್ಪೇಸ್‌ನಲ್ಲಿ ಹಾಡು ಅಂತ ಹೆಸರು ಕೊಟ್ಟಿದ್ದೀರಾ? ನಕ್ಷತ್ರ ಇರುವಾಗ ಅದು ಕೆಲಸ ಮಾಡಲ್ಲ ಅನ್ಸುತ್ತೆ.

ಹಳೇ_ಪಾರ್ಸರ್
ಮಾಡುತ್ತದೆ. ಹೆಸರು ಹಿಡಿದು ಹೇಳಿದ್ದು ನಕ್ಷತ್ರಕ್ಕಿಂತ ಮೇಲು. ಆದರೆ ಇಲ್ಲಿ ಅದಕ್ಕೆ ಕೆಲಸವೇ ಇಲ್ಲ. ಪ್ರಿಸರ್ವ್-ಸ್ಪೇಸ್ ಕೂಡ ಬರೀ ಖಾಲಿ ತುಣುಕುಗಳ ಲೆಕ್ಕ ನೋಡುವುದು. ಹಾಡಿನ ಸಾಲುಗಳ ಮಧ್ಯದ ಗೆರೆ ಮುರಿತ ಅಕ್ಷರಗಳ ಜೊತೆಗೇ ಇದೆ, ಅದನ್ನು ಎಕ್ಸ್‌ಎಸ್‌ಎಲ್‌ಟಿ ಎಂದೂ ತೆಗೆದಿಲ್ಲ. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಸೋರ್ಸ್ ನೋಡಿ, ಸಾಲುಗಳು ಅಲ್ಲೇ ಇರುತ್ತವೆ. ಅವನ್ನು ಮುದ್ದೆ ಮಾಡುತ್ತಿರುವುದು ಬ್ರೌಸರ್. ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್‌ನಲ್ಲಿ ವೈಟ್-ಸ್ಪೇಸ್‌ಗೆ ಪ್ರೀ-ಲೈನ್ ಕೊಡಿ. ಸಾಲಿನ ಮೊದಲು ಬಿಟ್ಟ ಜಾಗವೂ ಬೇಕು ಅಂದರೆ ಪ್ರೀ-ರಾಪ್.

ಬೀಸುಕಲ್ಲು
ನೋಡಿದೆ, ಸೋರ್ಸ್‌ನಲ್ಲಿ ಸಾಲುಗಳು ಇವೆ! ಮೂರು ದಿನ ತಪ್ಪು ಮನೆಯ ಬಾಗಿಲು ಬಡಿದೆ.

ಕೊಲ್ಲಿಯಾಚೆ
ಸಿಎಸ್‌ಎಸ್ ಇವತ್ತಿಗೆ ಸರಿ. ಆದರೆ ಮೇಡಂ, ಪ್ರತಿ ಸಾಲಿಗೂ `<ಸಾಲು>` ಟ್ಯಾಗ್ ಹಾಕಿಬಿಡಿ. ಪದ್ಯದಲ್ಲಿ ಸಾಲು ಅನ್ನುವುದು ವಿಷಯ, ಅಲಂಕಾರ ಅಲ್ಲ. ವಿಷಯವನ್ನು ಗೆರೆ ಮುರಿತದ ಮೇಲೆ ನಂಬಿ ಇಡಬಾರದು. ನಾಳೆ ಯಾರೋ ಆ ಫೈಲ್ ತೆರೆದು ಫಾರ್ಮ್ಯಾಟ್ ಬಟನ್ ಒತ್ತಿದರೆ ಸಾಲುಗಳ ಗತಿ ಏನು?

ಟ್ಯಾಬ್‌ಪ್ರೇಮಿ
112 ಹಾಡಿಗೆ ಸಾಲು ಸಾಲಿಗೂ ಟ್ಯಾಗಾ? `ಎಕ್ಸ್‌ಎಂಎಲ್:ಸ್ಪೇಸ್="ಪ್ರಿಸರ್ವ್"` ಅಂತ ಹಾಡಿಗೆ ಹಾಕಿದರೆ ಮುಗಿಯಿತು. ಸುಮ್ನೆ ಕೆಲಸ ಹೆಚ್ಚಿಸಬೇಡಿ.

ಕೊಲ್ಲಿಯಾಚೆ
ಅದು ಒಂದು ಕೋರಿಕೆ, ಬೀಗ ಅಲ್ಲ. ಈ ಜಾಗಗಳನ್ನು ಹಾಗೇ ಇಡಿ ಅಂತ ಬಳಸುವ ಸಾಫ್ಟ್‌ವೇರಿಗೆ ಹೇಳುವ ಮಾತು. ಎಕ್ಸ್‌ಎಸ್‌ಎಲ್‌ಟಿ ಆ ಮಾತು ಕೇಳುತ್ತದೆ, ಮಿನಿಡಾಮ್‌ನ ಟುಪ್ರೆಟಿಎಕ್ಸ್‌ಎಂಎಲ್ ಕೇಳುವುದಿಲ್ಲ. ಟ್ಯಾಗ್ ಹಾಕುವುದಕ್ಕೆ ಕೈ ನೋಯಿಸಿಕೊಳ್ಳಬೇಕಿಲ್ಲ, ಪೈಥಾನಿನಲ್ಲಿ ಹತ್ತು ಸಾಲು.

ಟ್ಯಾಬ್‌ಪ್ರೇಮಿ
ನಾನು ಒಪ್ಪಲ್ಲ. ಅಜ್ಜಿ ನೋಟ್‌ಬುಕ್ಕಿಗೆ ಇಷ್ಟೆಲ್ಲ ಯಾಕೆ? ಓದಲು ಬಂದರೆ ಸಾಕು.

ಬೀಸುಕಲ್ಲು
ನಾನು ಮೇಷ್ಟ್ರು ಜಾತಿ. ಸಾಲಿಗೆ ಟ್ಯಾಗ್ ಹಾಕಿದರೆ ಮೂರು ಸಾಲಿನ ಪದ ಎಷ್ಟು, ನಾಲ್ಕು ಸಾಲಿನದು ಎಷ್ಟು ಅಂತ ಎಣಿಸಬಹುದಲ್ಲ. ಹಾಕುತ್ತೇನೆ.

ಹಳೇ_ಪಾರ್ಸರ್
ಈ ಗೋಜಿಗೆ ಒಂದು ಹಿನ್ನೆಲೆ ಇದೆ. ಎಕ್ಸ್‌ಎಂಎಲ್‌ಗೆ ಮೊದಲು ಎಸ್‌ಜಿಎಂಎಲ್ ಇತ್ತು. ಯಾವ ಗೆರೆ ಮುರಿತ ಲೆಕ್ಕಕ್ಕೆ, ಯಾವುದು ಅಲ್ಲ ಅನ್ನುವುದಕ್ಕೆ ಅದರಲ್ಲಿ ಸಿಕ್ಕಾಪಟ್ಟೆ ನಿಯಮ. ಯಾರಿಗೂ ನೆನಪಿರುತ್ತಿರಲಿಲ್ಲ. 1998ರ ಫೆಬ್ರುವರಿಯಲ್ಲಿ ಎಕ್ಸ್‌ಎಂಎಲ್ 1.0 ಬಂದಾಗ ಸುಲಭದ ದಾರಿ ಹಿಡಿದರು: ಟ್ಯಾಗ್ ಅಲ್ಲದ ಪ್ರತಿ ಅಕ್ಷರವನ್ನೂ, ಜಾಗವನ್ನೂ ಸೇರಿಸಿ, ಪಾರ್ಸರ್ (ಫೈಲ್ ಓದಿ ಬಿಡಿಸುವ ಸಾಫ್ಟ್‌ವೇರ್) ಮುಂದಕ್ಕೆ ಕೊಡಬೇಕು. ಬೇಕೋ ಬೇಡವೋ ಬಳಸುವವನು ನೋಡಿಕೊಳ್ಳಲಿ. ಒಳ್ಳೆಯ ನಿರ್ಧಾರವೇ. ಆದರೆ ನೋಡಿಕೊಳ್ಳುವ ಆ ಕೆಲಸ ನಮ್ಮ ತಲೆಗೆ ಬಂತು. ಅದರ ಮೇಲೆ ಮೈಕ್ರೋಸಾಫ್ಟ್‌ನ ಪಾರ್ಸರ್ ಎಂಎಸ್‌ಎಕ್ಸ್‌ಎಂಎಲ್ ಹೇಳದೇ ಇದ್ದರೂ ಖಾಲಿ ತುಣುಕುಗಳನ್ನು ಬಿಸಾಡುತ್ತಿತ್ತು. ಒಂದೇ ಫೈಲ್, ಎರಡು ಕಂಪ್ಯೂಟರಿನಲ್ಲಿ ಎರಡು ಫಲಿತಾಂಶ. ಆ ಕಾಲದಲ್ಲಿ ನಾನು ಕಳೆದ ರಾತ್ರಿಗಳ ಲೆಕ್ಕ ಇಲ್ಲ.

ಕಾಪಿಪೇಸ್ಟ್_ಕಾಮತ್
ಜಾಗ ಸೇರಿಸಿ ನಾನು ಮಾಡಿಕೊಂಡ ಎಡವಟ್ಟು ಕೇಳಿ. ಆಧಾರ್ ಆಫ್‌ಲೈನ್ ಇ-ಕೆವೈಸಿ ಎಕ್ಸ್‌ಎಂಎಲ್ ಡೌನ್‌ಲೋಡ್ ಮಾಡಿದೆ. ಒಳಗೆ ಏನಿದೆ ನೋಡೋಣ ಅಂತ ಎಡಿಟರಿನಲ್ಲಿ ತೆರೆದೆ. ಎಲ್ಲ ಒಂದೇ ಗೆರೆ. ಫಾರ್ಮ್ಯಾಟ್ ಒತ್ತಿದೆ, ಚಂದ ಆಯಿತು, ಅಭ್ಯಾಸಬಲದಿಂದ ಸೇವ್ ಕೂಡ ಒತ್ತಿದೆ. ಆ ಫೈಲನ್ನೇ ಕೊಟ್ಟೆ. ಡಿಜಿಟಲ್ ಸಹಿ ತಾಳೆ ಆಗುತ್ತಿಲ್ಲ ಅಂತ ವಾಪಸ್ ಬಂತು. ಒಂದು ಅಕ್ಷರ ಬದಲಿಸಿಲ್ಲವಲ್ಲ ಅಂತ ಅರ್ಧ ದಿನ ವಾದ ಮಾಡಿದೆ. ಆಮೇಲೆ ಗೊತ್ತಾಯಿತು, ಸಹಿಯ ಲೆಕ್ಕದಲ್ಲಿ ಟ್ಯಾಗ್‌ಗಳ ಮಧ್ಯದ ಜಾಗವೂ ಸೇರುತ್ತದೆ ಅಂತ.

ಇಡ್ಲಿವಡೆ_ಬೇರೆಬೇರೆ
ಆದರೆ ಸಹಿ ಹಾಕುವ ಮೊದಲು ಕೆನಾನಿಕಲ್, ಅಂದರೆ ಒಂದೇ ನಿಗದಿತ ರೂಪಕ್ಕೆ ತರುತ್ತಾರಲ್ಲ? ಅದು ಇಂಥ ವ್ಯತ್ಯಾಸ ಸರಿ ಮಾಡಬೇಕಲ್ವಾ?

ಕಾಪಿಪೇಸ್ಟ್_ಕಾಮತ್
ಅದು ಟ್ಯಾಗಿನ ಒಳಗಿನ ಜಾಗ, ಆಟ್ರಿಬ್ಯೂಟ್‌ಗಳ ಕ್ರಮ, ಇಂಥದ್ದನ್ನು ಒಂದೇ ಥರ ಮಾಡುತ್ತದೆ. ಟ್ಯಾಗ್ ಆಚೆಯ ಜಾಗ ಹಾಗೇ ಉಳಿಯುತ್ತದೆ. ಅದು ವಿಷಯವೋ ಅಲಂಕಾರವೋ ಅದಕ್ಕೆ ಹೇಗೆ ಗೊತ್ತಾಗಬೇಕು?

ಇಡ್ಲಿವಡೆ_ಬೇರೆಬೇರೆ
ಓ. ಸರಿ ಸರಿ. ಜೇಸನ್ ಮಾತು ವಾಪಸ್ ತೆಗೆದುಕೊಂಡೆ.

ಜಯನಗರದ_ಬಸ್ಸು
ವರ್ಡ್ ಫೈಲಿನಲ್ಲೂ ಇದೇ ಪಾಡು. ಡಾಕ್ಸ್ ಅಂದರೆ ಒಳಗೆ ಎಕ್ಸ್‌ಎಂಎಲ್ ತಾನೇ. ಕೋಡಿನಿಂದ ಡಾಕ್ಸ್ ತಯಾರಿಸುವಾಗ ದಪ್ಪಕ್ಷರದ ಪದದ ಪಕ್ಕದ ಜಾಗವೆಲ್ಲ ಮಾಯವಾಗುತ್ತಿತ್ತು. ವರ್ಡ್ ತಾನೇ ಮಾಡಿದ ಫೈಲನ್ನು ಬಿಚ್ಚಿ ನೋಡಿದೆ. ತುದಿಯಲ್ಲಿ ಜಾಗ ಇರುವ ತುಣುಕಿಗೆಲ್ಲ ಸ್ಪೇಸ್ ಪ್ರಿಸರ್ವ್ ಹಾಕಿಕೊಂಡಿತ್ತು. ನಾನೂ ಹಾಕಿದೆ, ಸರಿಹೋಯಿತು.

ಟ್ಯಾಬ್‌ಪ್ರೇಮಿ
ನೋಡಿ, ಪ್ರಿಸರ್ವ್ ಕೆಲಸ ಮಾಡುತ್ತದೆ ಅಂತ ನಾನು ಹೇಳಲಿಲ್ವಾ.

ಕೊಲ್ಲಿಯಾಚೆ
ವರ್ಡ್ ಕೇಳುತ್ತದೆ ಅಂದ ಮಾತ್ರಕ್ಕೆ ಎಲ್ಲರೂ ಕೇಳುತ್ತಾರೆ ಅಂತಲ್ಲ. ಬಿಡಿ.

ಬೀಸುಕಲ್ಲು
ಇನ್ನೊಂದು ಅನುಮಾನ. ಸಿಟ್ಟಿಗೆ ಒಂದೆರಡು ಕಡೆ ಮುರಿಯದ ಜಾಗ, ಅದೇ 160ನೇ ಅಕ್ಷರ, ಹಾಕಿ ನೋಡಿದ್ದೆ. ಅದು ಹೋಗಲೇ ಇಲ್ಲ, ಜಾಗ ಉಳಿಯಿತು. ಎಲ್ಲ ಕಡೆ ಅದನ್ನೇ ಹಾಕಿದರೆ ಆಗದಾ?

ಅರ್ಕಾವತ್ತು
ದಯವಿಟ್ಟು ಬೇಡ! ಎಕ್ಸ್‌ಎಂಎಲ್ ಲೆಕ್ಕದಲ್ಲಿ ಖಾಲಿ ಜಾಗ ಅಂದರೆ ನಾಲ್ಕೇ: ಸ್ಪೇಸ್, ಟ್ಯಾಬ್, ಗೆರೆ ಮುರಿಯುವ ಎರಡು ಅಕ್ಷರ. 160 ಆ ಪಟ್ಟಿಯಲ್ಲಿ ಇಲ್ಲ, ಅದಕ್ಕೇ ಉಳಿಯಿತು. ಆದರೆ ಅಲ್ಲಿ ಸಾಲು ಮುರಿಯುವುದಿಲ್ಲ. ನಮ್ಮ ಉದ್ದುದ್ದ ಪದಗಳು ಒಂದಕ್ಕೊಂದು ಕೈ ಹಿಡಿದು ಮೊಬೈಲ್ ಪರದೆಯಿಂದ ಆಚೆ ಹೋಗುತ್ತವೆ. ಸಾದಾ ಜಾಗ ಹಾಕಿ ಹುಡುಕಿದರೆ ಎಷ್ಟೋ ಕಡೆ ಸಿಗುವುದೂ ಇಲ್ಲ. ಇನ್ನೂ ತಮಾಷೆ ಅಂದರೆ ಪೈಥಾನಿಗೆ ಅದು ಖಾಲಿ ಜಾಗವೇ! ಸ್ಟ್ರಿಪ್ ಹಾಕಿದರೆ ತುದಿಯಲ್ಲಿದ್ದದ್ದು ಹೋಗುತ್ತದೆ. ಎಕ್ಸ್‌ಎಂಎಲ್ ಒಂದು ಹೇಳುತ್ತದೆ, ಪೈಥಾನ್ ಇನ್ನೊಂದು.

ಇದರ ಜೊತೆ "ಕಾಣದ ಅಕ್ಷರ ತೆಗೆಯುವ" ಸ್ಕ್ರಿಪ್ಟ್‌ಗಳಿಂದಲೂ ದೂರ ಇರಿ. ಕನ್ನಡದಲ್ಲಿ ಒತ್ತಕ್ಷರ ತಡೆಯಲು ಹಾಕುವ ಅಗಲ ಇಲ್ಲದ ಅಕ್ಷರ ಇದೆಯಲ್ಲ, ಅದು ಖಾಲಿ ಜಾಗ ಅಲ್ಲ. ಅದನ್ನು ಕಸ ಅಂತ ಗುಡಿಸಿದರೆ "ರಾಜ್‌ಕುಮಾರ್" ಹೋಗಿ "ರಾಜ್ಕುಮಾರ್" ಆಗುತ್ತದೆ. ಅದರ ಜೋಡಿ, ಸೇರಿಸುವ ಅಕ್ಷರ, ತೆಗೆದರೆ "ರ‍್ಯಾಂಕ್" ಹೋಗಿ "ರ್ಯಾಂಕ್". ನನ್ನ ಹೆಸರು ಸುಮ್ನೆ ಇಟ್ಟುಕೊಂಡದ್ದಲ್ಲ.

ಬೀಸುಕಲ್ಲು
ಅಯ್ಯೋ, ಇದು ನನಗೆ ಆಗಿದೆ ಅನ್ಸುತ್ತೆ! `<ಫುಟ್‌ನೋಟ್>` ಅಂತ ಒಂದು ಟ್ಯಾಗ್ ಇದೆ. ತೆರೆದ ಟ್ಯಾಗ್, ಮುಚ್ಚಿದ ಟ್ಯಾಗ್ ತಾಳೆ ಇಲ್ಲ ಅಂತ ಆಗಾಗ ಬೈಯುತ್ತದೆ. ಕಣ್ಣಿಗೆ ಎರಡೂ ಸರಿಯಾಗೇ ಕಾಣುತ್ತವೆ.

ಅರ್ಕಾವತ್ತು
ಫಾಂಟ್ ದೊಡ್ಡದು ಮಾಡಿ ನೋಡಿ. ಒಂದು ಕಡೆ "ಫುಟ್‌ನೋಟ್", ಇನ್ನೊಂದು ಕಡೆ ಒತ್ತಕ್ಷರದ "ಫುಟ್ನೋಟ್" ಇರುತ್ತದೆ. ಎಕ್ಸ್‌ಎಂಎಲ್‌ಗೆ ಅವು ಬೇರೆ ಬೇರೆ ಹೆಸರು.

ಹಳೇ_ಪಾರ್ಸರ್
ಅದಷ್ಟೇ ಅಲ್ಲ. ಟ್ಯಾಗ್ ಹೆಸರಿನಲ್ಲಿ ಕನ್ನಡ ಅಕ್ಷರಕ್ಕೆ 1998ರಿಂದಲೇ ಅವಕಾಶ ಇತ್ತು. ಆದರೆ ಆ ಅಗಲವಿಲ್ಲದ ಅಕ್ಷರಕ್ಕೆ ಅವಕಾಶ ಸಿಕ್ಕಿದ್ದು 2008ರ ಐದನೇ ಆವೃತ್ತಿಯಲ್ಲಿ. ಹಳೆಯ ಆವೃತ್ತಿ ಪಾಲಿಸುವ ಪಾರ್ಸರ್ ನಿಮ್ಮ ಟ್ಯಾಗನ್ನೇ ಒಪ್ಪುವುದಿಲ್ಲ. `<ಅಡಿಟಿಪ್ಪಣಿ>` ಅಂತ ಬದಲಿಸಿಬಿಡಿ, ಎರಡೂ ರಗಳೆ ಹೋಯಿತು.

ಜಯನಗರದ_ಬಸ್ಸು
ಅಚ್ಚಗನ್ನಡ ಬಳಸಿದರೆ ಪಾರ್ಸರಿಗೂ ಖುಷಿ ಅಂತಾಯಿತು :D

ಅರ್ಕಾವತ್ತು
ಟಿಪ್ಪಣಿ ಅಚ್ಚಗನ್ನಡ ಅಲ್ಲ. ಸುಮ್ನೆ ಹೇಳಿದೆ.

ಬೀಸುಕಲ್ಲು
ಸರಿ, ಹಾಗಾದರೆ ನನ್ನ ಫೈಲನ್ನು ಚಂದ ಮಾಡಬಾರದಾ? ಒಂದೇ ಗೆರೆಯಲ್ಲಿ ಕಣ್ಣು ಕಟ್ಟಿಕೊಂಡು ತಿದ್ದಬೇಕಾ?

ಹಳೇ_ಪಾರ್ಸರ್
ಮಾಡಿ, ಎಲ್ಲಿ ಅಂತ ನೋಡಿ ಮಾಡಿ. ನನ್ನ ಅಭ್ಯಾಸ ಇದು: ಈಗಾಗಲೇ ಜಾಗ ಇರುವ ಕಡೆ ಗೆರೆ ಮುರಿಯಬಹುದು. ಜಾಗ ಇಲ್ಲದ ಕಡೆ ಮುರಿಯಬಾರದು. `<ಸಂಗ್ರಹ>`, `<ಹಾಡು>` ಸಾಲುಗಳಿಗೆ ಟ್ಯಾಗ್ ಹಾಕಿದ ಮೇಲೆ ಇವುಗಳ ನೇರ ಒಳಗೆ ಅಕ್ಷರವೇ ಇರುವುದಿಲ್ಲ, ಬರೀ ಬೇರೆ ಟ್ಯಾಗ್. ಅಲ್ಲಿ ಎಷ್ಟು ಬೇಕಾದರೂ ಮುರಿಯಿರಿ. ಸ್ಟ್ರಿಪ್-ಸ್ಪೇಸ್‌ಗೂ ನಕ್ಷತ್ರ ಬಿಟ್ಟು ಈ ಎರಡೇ ಹೆಸರು ಕೊಡಿ. `<ಟಿಪ್ಪಣಿ>`, `<ಸಾಲು>` ಒಳಗೆ ಯಾರೂ ಕೈ ಹಾಕುವಂತಿಲ್ಲ. ಎಕ್ಸ್‌ಎಸ್‌ಎಲ್‌ಟಿ 3.0 ಬಳಸುತ್ತಿದ್ದರೆ ಔಟ್‌ಪುಟ್‌ನಲ್ಲಿ ಸಪ್ರೆಸ್-ಇಂಡೆಂಟೇಷನ್ ಅಂತ ಇದೆ. ಆ ಟ್ಯಾಗ್‌ಗಳ ಹೆಸರು ಕೊಟ್ಟರೆ ಅವುಗಳ ಒಳಗೆ ಗೆರೆ ಮುರಿದು ಇಂಡೆಂಟ್ ಮಾಡುವುದಿಲ್ಲ.

ಮಿನಿಡಾಮ್ ಬಿಡಿ. ಎರಡನೇ ಸಲ ಓಡಿಸಿದರೆ ಖಾಲಿ ಗೆರೆಗಳು ಮರಿ ಹಾಕುತ್ತವೆ.

ಕಾಪಿಪೇಸ್ಟ್_ಕಾಮತ್
ಪೈಥಾನ್ 3.9ರಲ್ಲಿ ಎಲಿಮೆಂಟ್‌ಟ್ರೀ ಲೈಬ್ರರಿಗೆ ಚಂದ ಮಾಡಲು ಇಂಡೆಂಟ್ ಅಂತ ಬಂತಲ್ಲ, ಅದು?

ಹಳೇ_ಪಾರ್ಸರ್
ಅದು ಪರವಾಗಿಲ್ಲ, ಅಕ್ಷರ ಇರುವ ಕಡೆ ಮುಟ್ಟುವುದಿಲ್ಲ. ಆದರೆ ವಾಕ್ಯದ ಮಧ್ಯೆ ಎರಡು ಟ್ಯಾಗ್ ಅಂಟಿಕೊಂಡಿದ್ದರೆ ಅಲ್ಲಿ ಗೆರೆ ತೂರಿಸುತ್ತದೆ.

ಕೊಲ್ಲಿಯಾಚೆ
ಇನ್ನೊಂದು ಹಳೆಯ ಉಪಾಯ: ಟ್ಯಾಗಿನ ಒಳಗೇ ಗೆರೆ ಮುರಿಯುವುದು. `</ಊರು` ಬರೆದು, ಮುಂದಿನ ಗೆರೆಯಲ್ಲಿ `>ನಲ್ಲಿ`. ಮುಚ್ಚುವ ಕೋನದ ಮೊದಲಿನ ಜಾಗ ಲೆಕ್ಕಕ್ಕಿಲ್ಲ. ನೋಡಲು ಹಲ್ಲು ಉದುರಿದ ಬಾಯಿಯ ಹಾಗೆ ಇರುತ್ತದೆ, ಆದರೆ ಸರಿ.

ಟ್ಯಾಬ್‌ಪ್ರೇಮಿ
ಇದನ್ನು ಮಾಡಿದರೆ ನಾನು ಈ ಚರ್ಚೆಯಿಂದಲೇ ಎದ್ದು ಹೋಗುತ್ತೇನೆ.

ಬೀಸುಕಲ್ಲು
ಎರಡು ದಿನ ಬಿಟ್ಟು ಬಂದೆ. ಅದೃಷ್ಟಕ್ಕೆ ಮಿನಿಡಾಮ್ ಓಡಿಸುವ ಮೊದಲಿನ ಫೈಲ್ ಪೆನ್‌ಡ್ರೈವ್‌ನಲ್ಲಿ ಇತ್ತು. ಪ್ರತ್ಯಯ ಒಳಗೆ ಹೋಯಿತು, ಸಾಲುಗಳಿಗೆ ಟ್ಯಾಗ್ ಬಂತು, ನಕ್ಷತ್ರ ಹೋಯಿತು. ಸೋದರತ್ತೆ ಈಗ ತಿಪಟೂರಿನಲ್ಲಿ ಸರಿಯಾಗಿ ಹಾಡುತ್ತಿದ್ದಾರೆ. ಎಲ್ಲರಿಗೂ ಒಂದೊಂದು ಕಾಫಿ ಬಾಕಿ ಇದೆ.

ಒಂದು ಉಳಿದಿದೆ. 37ನೇ ಹಾಡಿನ ಎರಡನೇ ಸಾಲಿನ ಮಧ್ಯೆ ಅಜ್ಜಿ ಸುಮಾರು ಎರಡು ಇಂಚು ಜಾಗ ಖಾಲಿ ಬಿಟ್ಟಿದ್ದಾರೆ. ಪದ ಮರೆತು ಬಿಟ್ಟರೋ ಏನೋ. ಅದನ್ನು ಸ್ಪೇಸ್ ಒತ್ತಿ ಒತ್ತಿ ತೋರಿಸಲು ಈಗ ಭಯ ಆಗುತ್ತಿದೆ!

ಕೊಲ್ಲಿಯಾಚೆ
ಹಸ್ತಪ್ರತಿಗಳಿಗೆ ಬಳಸುವ ಟಿಇಐ ಪದ್ಧತಿಯಲ್ಲಿ ಇದಕ್ಕೆ ಎರಡು ಬೇರೆ ಬೇರೆ ಟ್ಯಾಗ್ ಇವೆ. ಇದ್ದದ್ದನ್ನು ಓದಲಾಗದೆ ಅಥವಾ ಬೇರೆ ಕಾರಣಕ್ಕೆ ಬಿಟ್ಟಿದ್ದರೆ "ಗ್ಯಾಪ್". ಬರೆದವರೇ ಜಾಗ ಖಾಲಿ ಇಟ್ಟಿದ್ದರೆ "ಸ್ಪೇಸ್". ನಿಮ್ಮದು ಎರಡನೆಯದು. `<ಖಾಲಿ ಅಳತೆ="2 ಇಂಚು"/>` ಅಂತ ಇಡಿ, ಯಾವ ಸ್ಟ್ರಿಪ್ ಕೂಡ ಅದನ್ನು ಮುಟ್ಟುವುದಿಲ್ಲ.

ಬೀಸುಕಲ್ಲು
ಇಟ್ಟೆ. ಅನುಮಾನಕ್ಕೆ ಅತ್ತೆಗೂ ಫೋನ್ ಮಾಡಿದೆ. ಅವರಿಗೀಗ 84. ಪದ ಮರೆತದ್ದಲ್ಲವಂತೆ. ಹಾಡು ಅಲ್ಲಿಗೆ ಬಂದಾಗ ಒಂದು ಕ್ಷಣ ನಿಲ್ಲಿಸಿ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕುತ್ತಿದ್ದರಂತೆ.

ಅರ್ಕಾವತ್ತು
ಹಾಗಾದರೆ ಟ್ಯಾಗ್ ಹೆಸರು ಬದಲಿಸಿ ಮೇಡಂ. `<ರಾಗಿ/>`